ಹಳೆ ಲಾರಿಯ ಡೀಸೆಲ್ ಪಂಪ್: ಇಳಿಸುವ ಮುನ್ನ ಏನೇನು ನೋಡಬೇಕು

ಲೋಡ್ ಹೊತ್ತ ಲಾರಿ ಏರಿನಲ್ಲಿ ಎಳೆಯದಿದ್ದರೆ, ಬೆಳಗ್ಗೆ ಎಷ್ಟು ಸಲ ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯದಿದ್ದರೆ ಗ್ಯಾರೇಜಿನಲ್ಲಿ ಮೊದಲು ಬರುವ ಮಾತು ‘ಪಂಪ್ ಹೋಗಿದೆ’. ಪಂಪ್ ಇಳಿಸಿ, ಬೆಂಚಿಗೆ (ಪಂಪನ್ನು ಓಡಿಸಿ ಅಳೆಯುವ ಯಂತ್ರ) ಹಾಕಿಸಿ, ಎಲಿಮೆಂಟ್ (ಡೀಸೆಲನ್ನು ಒತ್ತುವ ಪ್ಲಂಜರ್ ಮತ್ತು ಅದು ಓಡುವ ಬ್ಯಾರೆಲ್, ಎರಡರ ಜೋಡಿ) ಬದಲಿಸಿ ತಂದು ಕೂರಿಸಿದ ಮೇಲೂ ಗಾಡಿ ಅದೇ ಏರಿನಲ್ಲಿ ಹಾಗೇ ಸುಸ್ತಾಗುತ್ತದೆ. ಕೊನೆಗೆ ನೋಡಿದರೆ ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿ ತೂತು ಮಣ್ಣಿನಿಂದ ಕಟ್ಟಿಕೊಂಡಿರುತ್ತದೆ. ಇನ್‌ಲೈನ್ ಪಂಪ್ (ಸಿಲಿಂಡರಿಗೊಂದರಂತೆ ಸಾಲಾಗಿ ಎಲಿಮೆಂಟ್ ಇರುವ ಪಂಪ್) ಗಟ್ಟಿ ಜೀವ. ಶುದ್ಧ ಡೀಸೆಲ್ ಬಂದರೆ, ಒಳಗೆ ಎಣ್ಣೆ ಇದ್ದರೆ, ಅದು ಎಂಜಿನ್ನಿನಷ್ಟೇ ಬಾಳುತ್ತದೆ. ಹಾಗಾಗಿ ದೋಷ ಹುಡುಕುವುದು ಟ್ಯಾಂಕಿನಿಂದ ಶುರುವಾಗಬೇಕು, ಪಂಪಿಗೆ ಕೈ ಹಾಕುವುದು ಕೊನೆಗೆ.

ಇಲ್ಲಿ ಹೇಳುವುದು ಟಾಟಾ 1210, 1613 ಥರದ ಗಾಡಿಗಳ 697 ಎಂಜಿನ್ ಮತ್ತು ಅದರ ಮೈಕೋ ‘ಎ’ ಮಾದರಿ ಇನ್‌ಲೈನ್ ಪಂಪ್ ಬಗ್ಗೆ. (697 ಅಂದರೆ 6 ಸಿಲಿಂಡರ್, 97 ಮಿ.ಮೀ. ಬೋರ್.) ಬೇರೆ ಕಂಪನಿಯ ಲಾರಿಗಳಲ್ಲಿ ಇರುವ ಇನ್‌ಲೈನ್ ಪಂಪಿಗೂ ಬಹುಪಾಲು ಇದೇ ಕ್ರಮ ಹೊಂದುತ್ತದೆ, ರೋಟರಿ ಪಂಪಿನ ಒಳಗಿನ ಕೆಲಸ ಮಾತ್ರ ಬೇರೆ. ಮೈಕೋ ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಕಂಪನಿ. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯಿತು, ಗ್ಯಾರೇಜುಗಳಲ್ಲಿ ಮಾತ್ರ ಇಂದಿಗೂ ಅದು ‘ಮೈಕೋ ಪಂಪ್’.

ಮೊದಲು ಪಂಪಿನ ಪ್ಲೇಟ್ ಒರೆಸಿ ಓದಿಕೊಳ್ಳಿ. ಉದಾಹರಣೆಗೆ ‘ಪಿಇಎಸ್ 6ಎ 90ಡಿ’ ಎಂದಿದ್ದರೆ, ಸ್ವಂತ ಕ್ಯಾಮ್ ಶಾಫ್ಟ್ ಇರುವ, ಫ್ಲೇಂಜ್ ಮೇಲೆ ಕೂರುವ, 6 ಸಿಲಿಂಡರಿನ, ಎ ಅಳತೆಯ ಪಂಪ್, ಪ್ಲಂಜರ್ ವ್ಯಾಸ 9 ಮಿ.ಮೀ. ಗವರ್ನರ್ (ಎಂಜಿನ್ ವೇಗವನ್ನು ಹತೋಟಿಯಲ್ಲಿಡುವ ಭಾಗ) ಮೇಲೆ ‘ಆರ್‌ಎಸ್‌ವಿ 200…1400’ ಎಂದಿದ್ದರೆ ಅದು ಪಂಪಿನ ಆರ್‌ಪಿಎಂ. ಪಂಪ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಎಂಜಿನ್ ಲೆಕ್ಕದಲ್ಲಿ 1400 ಅಂದರೆ 2800. ಈ ನಂಬರ್ ಇಲ್ಲದೆ ಯಾವ ಬೆಂಚಿನಲ್ಲೂ ಸರಿಯಾದ ಸೆಟ್ಟಿಂಗ್ ಸಿಗುವುದಿಲ್ಲ. ಎಷ್ಟೋ ಹಳೆ ಗಾಡಿಗಳಲ್ಲಿ ಗುಜರಿಯಿಂದ ತಂದ ಬೇರೆ ಎಂಜಿನ್ನಿನ ಪಂಪ್ ಕೂತಿರುತ್ತದೆ. ಅದೂ ಪ್ಲೇಟ್ ನೋಡಿದಾಗಲೇ ಗೊತ್ತಾಗುವುದು.

ಕೈ ಹಾಕುವ ಮುನ್ನ ಒಂದು ಎಚ್ಚರಿಕೆ

ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂತಿ) ಅಥವಾ ಹೈಪ್ರೆಶರ್ ಪೈಪಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೂಜಿಯಂತೆ ಚುಚ್ಚಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸಾಸಿವೆಯಷ್ಟು ಚುಕ್ಕೆ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಒಳಗೆ ಮಾಂಸ ಕೊಳೆತು ಬೆರಳು ಕತ್ತರಿಸುವ ಸ್ಥಿತಿ ಬರಬಹುದು. ಸ್ಪ್ರೇ ಹೇಗಿದೆ ಎಂದು ಕೈ ಒಡ್ಡಿ ನೋಡಬೇಡಿ, ಲೀಕ್ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಹಾಗೇನಾದರೂ ಚುಚ್ಚಿದರೆ ನೋವಿಗೆ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ‘ಪ್ರೆಶರ್‌ನಲ್ಲಿ ಡೀಸೆಲ್ ಒಳಗೆ ಹೋಗಿದೆ’ ಎಂದು ಸ್ಪಷ್ಟವಾಗಿ ಹೇಳಿ.

ಸ್ಟಾರ್ಟೇ ಆಗುತ್ತಿಲ್ಲ

ಮೊದಲು ನೋಡಬೇಕಾದ್ದು ಸ್ಟಾಪ್ ಕೇಬಲ್. ಗುಬ್ಬಿ ಎಳೆದು ಎಂಜಿನ್ ನಿಲ್ಲಿಸಿದ ಮೇಲೆ ಕೇಬಲ್ ತುಕ್ಕು ಹಿಡಿದು ವಾಪಸ್ ಬಂದಿರುವುದಿಲ್ಲ. ಲಿವರ್ ಸ್ಟಾಪ್‌ನಲ್ಲೇ ನಿಂತರೆ ರ್‍ಯಾಕ್ (ಡೀಸೆಲ್ ಪ್ರಮಾಣ ಹೆಚ್ಚು ಕಡಿಮೆ ಮಾಡುವ ಸರಳು) ಸೊನ್ನೆಯಲ್ಲಿ ನಿಲ್ಲುತ್ತದೆ, ದಿನವಿಡೀ ಸೆಲ್ಫ್ ಹೊಡೆದರೂ ಒಂದು ಹನಿ ಡೀಸೆಲ್ ಹೋಗುವುದಿಲ್ಲ. ಬಾನೆಟ್ ಎತ್ತಿ ಪಂಪಿನ ಪಕ್ಕದ ಲಿವರ್ ಕೈಯಿಂದ ಆಡಿಸಿ ನೋಡಿ. ಸ್ಪ್ರಿಂಗ್ ಅದನ್ನು ಚಟ್ಟನೆ ವಾಪಸ್ ತರಬೇಕು.

ಅದು ಸರಿಯಿದ್ದರೆ ಎಕ್ಸಾಸ್ಟ್ ನೋಡುತ್ತಾ ಸೆಲ್ಫ್ ಹೊಡೆಸಿ. ಹೊಗೆ ಒಂದಿಷ್ಟೂ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬಂದು, ಕಣ್ಣುರಿಸುವ ಡೀಸೆಲ್ ವಾಸನೆ ಇದ್ದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಪಂಪ್ ಬಿಟ್ಟು ಬ್ಯಾಟರಿ, ಕಂಪ್ರೆಶನ್, ಟೈಮಿಂಗ್, ನಾಜಲ್ ಕಡೆ ನೋಡಿ. ಈ ಎಂಜಿನ್ನಿಗೆ ಹೀಟರ್ ಪ್ಲಗ್ ಇಲ್ಲ. ಬ್ಯಾಟರಿ ಸೋತು ಎಂಜಿನ್ ನಿಧಾನ ತಿರುಗಿದರೆ ಚಳಿಗಾಲದ ಬೆಳಗ್ಗೆ ಒಳ್ಳೆಯ ಪಂಪೂ ಸ್ಟಾರ್ಟ್ ಕೊಡುವುದಿಲ್ಲ.

ಟ್ಯಾಂಕಿನಿಂದ ಪಂಪಿನವರೆಗೆ

ಹೆಚ್ಚಿನ ದೋಷ ಸಿಗುವುದು ಈ ಹಾದಿಯಲ್ಲಿ. ಲಾರಿ ಅರ್ಧ ಗಂಟೆ ಚೆನ್ನಾಗಿ ಓಡಿ, ನಿಧಾನಕ್ಕೆ ಪಿಕಪ್ ಕಳೆದುಕೊಂಡು ನಿಂತು, ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ ಎಂದರೆ, ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಸುಸ್’ ಎಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ತೂತು ಮುಚ್ಚಿದೆ. ಹಾಗಾಗದಿದ್ದರೆ ಟ್ಯಾಂಕಿನ ಒಳಗಿನ ಸಕ್ಷನ್ ಪೈಪಿನ ಜರಡಿ ನೋಡಿ. ತಳದ ಕೆಸರು ಅಲ್ಲಿಗೆ ಅಂಟಿಕೊಂಡು ಎಂಜಿನ್ ಆಫ್ ಆದಾಗ ಬಿಟ್ಟು ಕೆಳಗಿಳಿಯುತ್ತದೆ. ಹಳೆ ರಬ್ಬರ್ ಹೋಸ್ ಇನ್ನೊಂದು ಮೋಸ. ಹೊರಗೆ ನುಣ್ಣಗೆ ಕಾಣುತ್ತದೆ, ಒಳಪದರ ಬಿಟ್ಟುಕೊಂಡು ಎಳೆತಕ್ಕೆ ನಾಲಿಗೆಯಂತೆ ಮಡಚಿ ದಾರಿ ಮುಚ್ಚುತ್ತದೆ. ಬಿಚ್ಚಿ ಊದಿದರೆ ಗಾಳಿ ಸಲೀಸಾಗಿ ಹೋಗುತ್ತದೆ, ಏಕೆಂದರೆ ನೀವು ಊದುತ್ತಿದ್ದೀರಿ, ಪಂಪ್ ಎಳೆಯುತ್ತಿತ್ತು.

ಈ ಇಡೀ ಭಾಗವನ್ನು ಒಂದೇ ಪರೀಕ್ಷೆಯಲ್ಲಿ ತೀರ್ಮಾನ ಮಾಡಬಹುದು. ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ, ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬಿನಿಂದ ಕ್ಯಾನಿಗೆ ಜೋಡಿಸಿ. ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಿ. ಏರ್ ತೆಗೆದು ಗಾಡಿ ಓಡಿಸಿ. ಕ್ಯಾನಿನಲ್ಲಿ ಚೆನ್ನಾಗಿ ಓಡಿ ಟ್ಯಾಂಕಿನಲ್ಲಿ ಓಡದಿದ್ದರೆ ದೋಷ ಟ್ಯಾಂಕು, ಜರಡಿ, ಪೈಪ್ ಇಷ್ಟರೊಳಗಿದೆ. ನಂತರ ಅದೇ ಟ್ಯೂಬನ್ನು ಟ್ಯಾಂಕಿನ ಲೈನಿನ ನಡುವೆ ಹಾಕಿ ನೋಡಿ. ಸಾಲುಸಾಲಾಗಿ ಗುಳ್ಳೆ ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಎಳೆತದ ಕಡೆ ಗಾಳಿ ಹೋಗುವ ಜಾಗದಲ್ಲಿ ಡೀಸೆಲ್ ಸೋರಲೇಬೇಕೆಂದಿಲ್ಲ, ಆದ್ದರಿಂದ ‘ಎಲ್ಲೂ ಒದ್ದೆಯಿಲ್ಲ’ ಎಂಬುದು ಸಾಕ್ಷಿಯಲ್ಲ.

ಫೀಡ್ ಪಂಪ್ ವಿಷಯಕ್ಕೆ ಬಂದರೆ, ಕೈಪಂಪಿನ ಗುಬ್ಬಿ ಒತ್ತಿದಾಗ ಕೈಗೆ ತಡೆ ಸಿಗಬೇಕು. ಸಿಗದಿದ್ದರೆ ಅದರ ಎರಡು ವಾಲ್ವ್‌ಗಳಲ್ಲಿ ಒಂದರ ಕೆಳಗೆ ಕಸ ಸಿಕ್ಕಿದೆ ಅಥವಾ ಸ್ಪ್ರಿಂಗ್ ಮುರಿದಿದೆ. ಹತ್ತು ನಿಮಿಷದ ಕೆಲಸ. ಏರ್ ತೆಗೆದ ಮೇಲೆ ಗುಬ್ಬಿಯನ್ನು ಪೂರ್ತಿ ಒತ್ತಿ ತಿರುಗಿಸಿ ಟೈಟ್ ಮಾಡದಿದ್ದರೆ ಅಲ್ಲಿಂದಲೇ ಗಾಳಿ ಹೋಗುತ್ತದೆ. ಕೆಳಗಿನ ಜರಡಿ ಬಟ್ಟಲನ್ನು ಎಷ್ಟೋ ಗಾಡಿಗಳಲ್ಲಿ ವರ್ಷಗಟ್ಟಲೆ ಯಾರೂ ಬಿಚ್ಚಿರುವುದಿಲ್ಲ.

ಫಿಲ್ಟರ್ ಎರಡು. ಮೊದಲನೆಯದು ಬಟ್ಟೆಯದು, ಎರಡನೆಯದು ಪೇಪರಿನದು. ಇವನ್ನು ಅದಲುಬದಲು ಹಾಕಿರುವುದು, ಮೇಲಿನ ರಬ್ಬರ್ ರಿಂಗ್ ಬದಲಿಸದೆ ಹಳೆಯದನ್ನೇ ಒತ್ತಿ ಕೂರಿಸುವುದು, ಅಗ್ಗದ ಪೇಪರ್ ಎಲಿಮೆಂಟ್ ಹಾಕುವುದು, ಮೂರೂ ಸಾಮಾನ್ಯ. ಪ್ಲಂಜರ್ ಮತ್ತು ಬ್ಯಾರೆಲ್ ನಡುವಿನ ಸಂದು ಕೆಲವೇ ಮೈಕ್ರಾನ್. ಅಲ್ಲಿಗೆ ಕಸ ಬಿಡಬಾರದೆಂದೇ ಪೇಪರ್ ಫಿಲ್ಟರ್ ಇರುವುದು. ಅದರಲ್ಲಿ ಐವತ್ತು ನೂರು ರೂಪಾಯಿ ಉಳಿಸಲು ಹೋದರೆ ಆರು ಎಲಿಮೆಂಟ್ ಸೆಟ್ಟಿಗೆ ದುಡ್ಡು ಎಣಿಸಬೇಕಾಗುತ್ತದೆ.

ಇನ್ನು ಪಂಪಿನ ರಿಟರ್ನ್ ಕಡೆ ಇರುವ ಓವರ್‌ಫ್ಲೋ ವಾಲ್ವ್. ನೋಡಲು ಸಾಧಾರಣ ಬ್ಯಾಂಜೊ ಬೋಲ್ಟ್‌ನಂತೆಯೇ ಇರುತ್ತದೆ, ಒಳಗೆ ಮಾತ್ರ ಗುಂಡು, ಸ್ಪ್ರಿಂಗ್ ಇರುತ್ತವೆ. ಗ್ಯಾಲರಿಯಲ್ಲಿ (ಪಂಪಿನೊಳಗೆ ಎಲಿಮೆಂಟ್‌ಗಳ ಸುತ್ತ ಡೀಸೆಲ್ ತುಂಬಿರುವ ಜಾಗ) ಸುಮಾರು 1ರಿಂದ 1.5 ಬಾರ್ ಒತ್ತಡ ಹಿಡಿದಿಡುವುದು ಇದರ ಕೆಲಸ. ಕಳೆದುಹೋಯಿತೆಂದು ಅದರ ಜಾಗಕ್ಕೆ ತೂತಿನ ಬೋಲ್ಟ್ ಹಾಕಿದರೆ ಡೀಸೆಲ್ಲೆಲ್ಲ ಟ್ಯಾಂಕಿಗೆ ವಾಪಸ್ ಓಡುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಖಾಲಿ ಓಡುತ್ತದೆ, ಲೋಡಿನಲ್ಲಿ ಮಾತ್ರ ಎಳೆಯುವುದಿಲ್ಲ. ಪರೀಕ್ಷೆ ಸುಲಭ: ಎಂಜಿನ್ ರೇಸ್ ಮಾಡುವಾಗ ರಿಟರ್ನ್ ಹೋಸನ್ನು ಒಂದೆರಡು ಕ್ಷಣ ಅರೆಬರೆ ಒತ್ತಿ ಹಿಡಿಯಿರಿ. ರೇಸ್ ಏರಿದರೆ ಕಳ್ಳ ಸಿಕ್ಕ.

ಏರ್ ತೆಗೆಯುವ ಕ್ರಮ

ಗೊತ್ತಿದ್ದದ್ದೇ ಆದರೂ ಕ್ರಮ ತಪ್ಪಿದರೆ ಬ್ಯಾಟರಿ ಮುಗಿಯುತ್ತದೆ.

1. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಿ. ಡೀಸೆಲ್ ಬರುತ್ತಿರುವಾಗಲೇ ಸ್ಕ್ರೂ ಟೈಟ್ ಮಾಡಿ.
2. ಪಂಪ್ ಗ್ಯಾಲರಿಯ ಸ್ಕ್ರೂಗೂ ಹಾಗೇ ಮಾಡಿ.
3. ಎರಡು ಮೂರು ನಾಜಲ್‌ಗಳ ಯೂನಿಯನ್ ನಟ್ ಒಂದು ಸುತ್ತು ಸಡಿಲಿಸಿ, ಸ್ಟಾಪ್ ಲಿವರ್ ಬಿಟ್ಟು ಸೆಲ್ಫ್ ಹೊಡೆಸಿ. ಡೀಸೆಲ್ ಎಗರಿದ ಮೇಲೆ ಟೈಟ್ ಮಾಡಿ. ಒಂದು ಸಲಕ್ಕೆ 10–15 ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಸೆಲ್ಫ್ ಮೋಟರಿಗೆ ಬಿಡುವು ಕೊಡಿ.

ತಾಮ್ರದ ವಾಷರ್ ಒಮ್ಮೆ ಒತ್ತಿದ ಮೇಲೆ ಗಡುಸಾಗುತ್ತದೆ. ಹೊಸದು ಹಾಕಿ, ಇಲ್ಲದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ.

ಮಿಸ್ಸಿಂಗ್ ಇದ್ದರೆ: ನಾಜಲ್ಲೋ, ಪಂಪೋ?

ಐಡ್ಲಿಂಗ್‌ನಲ್ಲಿ ಒಂದೊಂದೇ ಯೂನಿಯನ್ ನಟ್ ಅರ್ಧ ಸುತ್ತು ಸಡಿಲಿಸಿ ಮತ್ತೆ ಟೈಟ್ ಮಾಡುತ್ತಾ ಹೋಗಿ. ಕೆಲಸ ಮಾಡುವ ಸಿಲಿಂಡರ್ ಆಗಿದ್ದರೆ ಎಂಜಿನ್ ಸದ್ದು ಕುಸಿಯುತ್ತದೆ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಅದು ಸತ್ತಿದೆ. ಆ ಸಿಲಿಂಡರಿನ ನಾಜಲ್ ತೆಗೆದು ಪಕ್ಕದ್ದಕ್ಕೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ಹಾಕಿ. ದೋಷ ನಾಜಲ್ ಜೊತೆ ಹೋದರೆ ನಾಜಲ್, ಅಲ್ಲೇ ಉಳಿದರೆ ಪಂಪಿನ ಆ ಎಲಿಮೆಂಟ್ ಅಥವಾ ಎಂಜಿನ್ನಿನ ಕಂಪ್ರೆಶನ್. ನಾಜಲ್ ಕೂರಿಸುವಾಗ ಹಳೆ ವಾಷರ್ ಗುಂಡಿಯಲ್ಲೇ ಉಳಿದಿದೆಯೇ ನೋಡಿ. ಅದರ ಮೇಲೆ ಇನ್ನೊಂದು ಬಿದ್ದರೆ ನಾಜಲ್ ಮೂತಿ ಮೇಲಾಗಿ, ಸ್ಪ್ರೇ ಪಿಸ್ಟನ್ ಗುಂಡಿಯ ಬದಲು ಬೇರೆಡೆ ಬೀಳುತ್ತದೆ.

ನಾಜಲ್ಲನ್ನು ಟೆಸ್ಟರ್ ಮೇಲೆ ನೋಡುವಾಗ ಒತ್ತಡವನ್ನು ಓಪನಿಂಗ್ ಪ್ರೆಶರಿಗಿಂತ 20 ಬಾರ್ ಕೆಳಗೆ ತಂದು 10 ಸೆಕೆಂಡ್ ಹಿಡಿಯಿರಿ. ಮೂತಿಯಿಂದ ಹನಿ ಬೀಳಬಾರದು. ತೂತುಗಳೆಲ್ಲ ಒಂದೇ ಸಮ ಮಂಜಿನಂತೆ ಚಿಮ್ಮಬೇಕು.

ನಾಜಲ್ ಸರಿಯಿದೆ ಎಂದಾದರೆ, ಪೈಪಿಗೆ ಹೋದ ಡೀಸೆಲ್ ಪಂಪಿಗೆ ವಾಪಸ್ ಬರದಂತೆ ತಡೆಯುವ ಡೆಲಿವರಿ ವಾಲ್ವ್ ನೋಡಿ. ಎಂಜಿನ್ ನಿಲ್ಲಿಸಿ, ಸ್ಟಾಪ್ ಲಿವರ್ ಎಳೆದು ಕಟ್ಟಿ, ಪಂಪಿನಿಂದ ಆ ಪೈಪ್ ಬಿಚ್ಚಿ, ಕೈಪಂಪ್ ಒತ್ತಿ. ವಾಲ್ವ್ ಸರಿಯಿದ್ದರೆ ಹೋಲ್ಡರಿನ ಬಾಯಲ್ಲಿ ಡೀಸೆಲ್ ಅಲುಗಬಾರದು. ಉಕ್ಕಿ ಬಂದರೆ ಸೀಟ್ ಸವೆದಿದೆ ಅಥವಾ ಸ್ಪ್ರಿಂಗ್ ಮುರಿದಿದೆ. ಇದೇ ದೋಷ ಎಲ್ಲ ವಾಲ್ವ್‌ಗಳಲ್ಲೂ ಸ್ವಲ್ಪ ಸ್ವಲ್ಪ ಇದ್ದರೆ ರಾತ್ರಿಯೆಲ್ಲ ಪೈಪಿನ ಡೀಸೆಲ್ ಹಿಂದಕ್ಕಿಳಿದು ಬೆಳಗ್ಗೆ ಸ್ಟಾರ್ಟ್ ತಡವಾಗುತ್ತದೆ.

ಇಲ್ಲಿ ಕೈಬಲ ತೋರಿಸುವುದು ಅಪಾಯ. ಡೆಲಿವರಿ ವಾಲ್ವ್ ಹೋಲ್ಡರನ್ನು ಟಾರ್ಕ್ ರೆಂಚ್ ಇಲ್ಲದೆ, ಉದ್ದ ಪೈಪ್ ಸಿಕ್ಕಿಸಿ ಬಿಗಿದರೆ ಒಳಗಿನ ಬ್ಯಾರೆಲ್ ಕಣ್ಣಿಗೆ ಕಾಣದಷ್ಟು ಸೊಟ್ಟಗಾಗಿ ಪ್ಲಂಜರ್ ಹಿಡಿದುಕೊಳ್ಳುತ್ತದೆ. ಒಂದು ಪ್ಲಂಜರ್ ಬಿಗಿಯಾದರೂ ಅದಕ್ಕೆ ಸೇರಿದ ರ್‍ಯಾಕ್ ಪೂರ್ತಿ ನಿಲ್ಲುತ್ತದೆ. ಹೋಲ್ಡರ್ ಬಿಗಿದ ಮೇಲೆ ಪ್ರತಿ ಸಲ ರ್‍ಯಾಕ್ ಬೆರಳಲ್ಲಿ ಸಲೀಸಾಗಿ ಓಡುತ್ತದೆಯೇ ಎಂದು ನೋಡದೆ ಸ್ಟಾರ್ಟ್ ಮಾಡಬೇಡಿ.

ನಿಜಕ್ಕೂ ಪಂಪ್ ಸವೆದಿದ್ದರೆ

ತಣ್ಣಗಿರುವಾಗ ಒಂದೇ ಸೆಲ್ಫಿಗೆ ಹಿಡಿದು, ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹಿಡಿಯದಿರುವುದು ಪ್ಲಂಜರ್ ಸವೆತದ ಮುಖ್ಯ ಗುರುತು. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಸಂದಿನಲ್ಲಿ ನುಸುಳುತ್ತದೆ, ಸೆಲ್ಫಿನ ನಿಧಾನ ವೇಗದಲ್ಲಿ ನಾಜಲ್ ತೆರೆಯುವಷ್ಟು ಒತ್ತಡ ಏರುವುದಿಲ್ಲ. ಎಂಜಿನ್ ನಿಂತಿರುವಾಗ ಪಂಪಿನ ಮೇಲೆ ಒದ್ದೆ ಗೋಣಿ ಹೊದಿಸಿ ಕಾಲು ಗಂಟೆ ಬಿಟ್ಟು ನೋಡಿ. ಆಗ ಹಿಡಿದರೆ ಸಂಶಯ ಬೇಡ. ಓಡುತ್ತಿರುವ ಬಿಸಿ ಪಂಪಿನ ಮೇಲೆ ತಣ್ಣೀರು ಸುರಿಯುವುದು ಬೇರೆ ವಿಷಯ. ಬಾಡಿ ಕುಗ್ಗಿ ಪ್ಲಂಜರ್ ಜಾಮ್ ಆಗುತ್ತದೆ.

ಸವೆತಕ್ಕೆ ಕಾರಣ ನೀರು, ದೂಳು ಮತ್ತು ಕಲಬೆರಕೆ. ಇನ್‌ಲೈನ್ ಪಂಪಿನ ಕ್ಯಾಮ್‌ಗೆ ಎಂಜಿನ್ ಆಯಿಲ್ ಸಿಗುತ್ತದೆ, ಪ್ಲಂಜರಿಗೆ ಜಾರುವ ಗುಣ ಸಿಗುವುದು ಡೀಸೆಲ್‌ನಿಂದಲೇ. ಸೀಮೆಎಣ್ಣೆ ಬೆರೆತರೆ ಆ ಗುಣ ಹೋಗುತ್ತದೆ. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮಾತ್ರ ಎಂಬ ಕಾರಣಕ್ಕೆ ಪಂಪ್ ಹಾಳಾಗುತ್ತದೆ ಎಂಬ ಮಾತಿದೆ. ಗಂಧಕ ತೆಗೆಯುವಾಗ ಜಾರುಗುಣ ಕಡಿಮೆಯಾಗುವುದು ನಿಜ, ಅದನ್ನು ತುಂಬಲು ರಿಫೈನರಿಯಲ್ಲೇ ಅಡಿಟಿವ್ ಸೇರಿಸುತ್ತಾರೆ. ನಂಬಿಕೆಯ ಬಂಕಿನ ಡೀಸೆಲ್‌ಗೆ ನೀವು ಇನ್ನೇನೂ ಬೆರೆಸಬೇಕಿಲ್ಲ. ಹೆದರಬೇಕಾದ್ದು ಡ್ರಮ್ಮಿನಲ್ಲಿ ಮಾರುವ ಅಗ್ಗದ ‘ಬಯೋಡೀಸೆಲ್’ಗೆ.

ಆಯಿಲ್ ಗೇಜ್ ಎಳೆದಾಗ ಲೆವೆಲ್ ಏರಿದ್ದು, ಡೀಸೆಲ್ ವಾಸನೆ ಬಂದರೆ ಗಾಡಿ ಓಡಿಸಬೇಡಿ. ಫೀಡ್ ಪಂಪಿನ ಸ್ಪಿಂಡಲ್ ಅಥವಾ ಪ್ಲಂಜರ್ ಸವೆದು ಡೀಸೆಲ್ ಕ್ಯಾಮ್ ಚೇಂಬರಿಗೆ ಇಳಿದು, ಅಲ್ಲಿಂದ ಎಂಜಿನ್ನಿನ ಆಯಿಲ್ ಸಂಪ್‌ಗೆ ಸೇರುತ್ತಿದೆ. ತೆಳ್ಳಗಾದ ಆಯಿಲ್ ಬೇರಿಂಗ್‌ಗಳನ್ನು ತಿನ್ನುತ್ತದೆ. ಮೊದಲು ಫೀಡ್ ಪಂಪ್ ಬದಲಿಸಿ ನೋಡಿ, ಅದು ಅಗ್ಗ.

ಐಡ್ಲಿಂಗ್‌ನಲ್ಲಿ ರೇಸ್ ತಾನಾಗಿ ಏರಿ ಇಳಿಯುತ್ತಿದ್ದರೆ ಗವರ್ನರ್ ಸ್ಕ್ರೂ ಮುಟ್ಟುವ ಮುನ್ನ ಏರ್ ತೆಗೆಯಿರಿ. ಮತ್ತೂ ಇದ್ದರೆ ರ್‍ಯಾಕ್ ಬಿಗಿ, ಲಿಂಕ್ ಪಿನ್ ಸವೆತ, ಐಡ್ಲಿಂಗ್ ಸ್ಪ್ರಿಂಗ್ ನೋಡಬೇಕು. ತುಂಬಾ ಹಳೆಯ ಗಾಡಿಗಳಲ್ಲಿ ಗಾಳಿ ಎಳೆತದಿಂದ ಕೆಲಸ ಮಾಡುವ ಡಯಾಫ್ರಾಮ್ ಗವರ್ನರ್ ಇರುತ್ತದೆ. ಲಿವರ್ ಸ್ಟಾಪ್‌ಗೆ ಒತ್ತಿ, ವ್ಯಾಕ್ಯೂಮ್ ಪೈಪ್ ಕೂರುವ ಬಾಯಿಯನ್ನು ಬೆರಳಲ್ಲಿ ಮುಚ್ಚಿ ಲಿವರ್ ಬಿಡಿ. ಸ್ವಲ್ಪ ಬಂದು ನಿಂತು ನಿಧಾನವಾಗಿ ಜಾರಿದರೆ ಸರಿ. ಒಂದೇ ಏಟಿಗೆ ಪೂರ್ತಿ ವಾಪಸ್ ಬಂದರೆ ಡಯಾಫ್ರಾಮಿನ ಚರ್ಮ ಹರಿದಿದೆ.

ತಿಂಗಳುಗಟ್ಟಲೆ ನಿಂತ ಲಾರಿಯಲ್ಲಿ ರ್‍ಯಾಕ್ ತುಕ್ಕು ಹಿಡಿದು ಫುಲ್‌ನಲ್ಲೇ ಕಚ್ಚಿಕೊಂಡಿರಬಹುದು. ಸ್ಟಾರ್ಟ್ ಆದ ಮರುಕ್ಷಣ ಎಂಜಿನ್ ಕೈ ಮೀರಿ ಕಿರುಚುತ್ತದೆ. ಅಂಥ ಗಾಡಿಯನ್ನು ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಕ್ಲೀನರ್ ಪೈಪ್ ಬಿಚ್ಚಿ, ಬಾಯಿ ಮುಚ್ಚುವಂಥ ಗಟ್ಟಿ ಹಲಗೆ ಹಿಡಿದು ಒಬ್ಬರು ನಿಂತಿರಲಿ. ಕೈಯಾಗಲಿ ಬಟ್ಟೆಯಾಗಲಿ ಬೇಡ, ಒಳಗೆ ಎಳೆದುಕೊಳ್ಳುತ್ತದೆ.

ಇಳಿಸುವುದು, ಬೆಂಚ್, ಕೂರಿಸುವುದು

ಇಳಿಸುವ ಮುನ್ನ ಪಂಪ್ ಸುತ್ತ ಡೀಸೆಲ್‌ನಿಂದ ತೊಳೆದು ಗಾಳಿ ಹೊಡೆಯಿರಿ. ಎಂಜಿನ್ನನ್ನು 1ನೇ ಸಿಲಿಂಡರ್ ಕಂಪ್ರೆಶನ್‌ಗೆ ತನ್ನಿ. ಫೈರಿಂಗ್ ಆರ್ಡರ್ 1-5-3-6-2-4. ಪುಲಿಯ ಗುರುತು ಸೇರಿದಾಗ 1ರ ಎರಡೂ ರಾಕರ್ ಸಡಿಲ ಇದ್ದು, 6ರ ವಾಲ್ವ್‌ಗಳು ಒಂದು ಮುಚ್ಚಿ ಇನ್ನೊಂದು ತೆರೆಯುವ ಹಂತದಲ್ಲಿರಬೇಕು. ಫ್ಲೇಂಜ್ ಮೇಲೆ ಉಳಿಯಲ್ಲಿ ಗುರುತು ಹಾಕಿ. ಬಿಚ್ಚಿದ ಬಾಯಿಗಳಿಗೆ ಪ್ಲಾಸ್ಟಿಕ್ ಕ್ಯಾಪ್ ಹಾಕಿ, ವೇಸ್ಟ್ ಬಟ್ಟೆ ತುರುಕಬೇಡಿ. ಅದರ ಒಂದು ಎಳೆ ಡೆಲಿವರಿ ವಾಲ್ವ್ ತೆರೆದಿಡಲು ಸಾಕು.

ಬೆಂಚಿನವರಿಗೆ ‘ಬಿಚ್ಚುವ ಮುನ್ನ ಒಮ್ಮೆ ಓಡಿಸಿ ರೀಡಿಂಗ್ ಬರೆದುಕೊಳ್ಳಿ’ ಎಂದು ಹೇಳಿ. ಆರು ಗಾಜಿನ ಕೊಳವೆಯಲ್ಲಿ ಡೀಸೆಲ್ ಮಟ್ಟ ಕಣ್ಣ ಮುಂದೆಯೇ ಕಾಣುತ್ತದೆ. ಎಲ್ಲವೂ ಸಮವಾಗಿ, ಪ್ಲೇಟ್ ನಂಬರಿನ ಅಳತೆಗೆ ಹತ್ತಿರವಿದ್ದರೆ ಪಂಪ್ ಬಿಚ್ಚಿಸದೆ ವಾಪಸ್ ತನ್ನಿ. ಎಲಿಮೆಂಟ್ ಬದಲಿಸುವುದಾದರೆ ಆರೂ ಒಟ್ಟಿಗೆ, ಒಂದೇ ಕಂಪನಿಯವು. ಎಲಿಮೆಂಟ್‌ಗಳ ನಡುವಿನ ಅಂತರ 60 ಡಿಗ್ರಿ ಇದೆಯೇ ಎಂದು ನೋಡಿಸಿ. ‘ಪಿಕಪ್‌ಗೆ ಸ್ವಲ್ಪ ಹೆಚ್ಚು ಬಿಡಿ’ ಎಂದು ಡ್ರೈವರ್ ಕೇಳುವುದು, ಅವರು ಬಿಡುವುದು ಹೊಸತಲ್ಲ. ಗಾಳಿ ಅಷ್ಟೇ ಇದ್ದು ಡೀಸೆಲ್ ಹೆಚ್ಚಾದರೆ ಕಪ್ಪು ಹೊಗೆ, ಕುದಿಯುವ ರೇಡಿಯೇಟರ್, ಕೊನೆಗೆ ತೂತು ಬಿದ್ದ ಪಿಸ್ಟನ್. ಸೀಲ್ ಹಾಕಿಸಿ, ಹಳೆ ಪಾರ್ಟುಗಳನ್ನು ಕೇಳಿ ತನ್ನಿ.

ಕೂರಿಸಿದ ಮೇಲೆ ಸ್ಪಿಲ್ ಟೈಮಿಂಗ್, ಅಂದರೆ ಎಲಿಮೆಂಟ್ ಡೀಸೆಲ್ ಒತ್ತಲು ಶುರುಮಾಡುವ ಹೊತ್ತನ್ನು ಹೊಂದಿಸುವುದು. 1ನೇ ಎಲಿಮೆಂಟಿನ ಡೆಲಿವರಿ ವಾಲ್ವ್ ಮತ್ತು ಸ್ಪ್ರಿಂಗ್ ತೆಗೆದು, ಹೋಲ್ಡರ್ ಹಾಕಿ, ಬಾಗಿದ ಸಣ್ಣ ಪೈಪ್ ಕೂರಿಸಿ. ಸ್ಟಾಪ್ ಲಿವರ್ ಬಿಟ್ಟು, ಆಕ್ಸಿಲರೇಟರ್ ಲಿವರ್ ಫುಲ್‌ನಲ್ಲಿ ಹಿಡಿದು, ಒಬ್ಬರು ಕೈಪಂಪ್ ಒತ್ತುತ್ತಿರಲಿ, ಇನ್ನೊಬ್ಬರು ಎಂಜಿನ್ನನ್ನು ಓಡುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಲಿ. ಧಾರೆ ಹನಿಯಾಗಿ, ಹನಿ ನಿಲ್ಲುವ ಹಂತದಲ್ಲಿ ಪುಲಿಯ ಗುರುತು ನೋಡಿ. ಗುರುತು ದಾಟಿದರೆ ಸ್ವಲ್ಪ ಹಿಂದೆ ತಿರುಗಿಸಿ ಅಲ್ಲೇ ಓದಬೇಡಿ. ಗೇರುಗಳ ಸಡಿಲ ಸೇರಿಕೊಳ್ಳುತ್ತದೆ. ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಫ್ಲೇಂಜಿನ ತೂತುಗಳು ಉದ್ದುದ್ದ ಇರುವುದು ಪಂಪ್ ಹೊರಳಿಸಲೆಂದೇ: ಪಂಪಿನ ಕ್ಯಾಮ್ ತಿರುಗುವ ದಿಕ್ಕಿಗೆ ಎದುರಾಗಿ ಬಾಡಿ ಹೊರಳಿಸಿದರೆ ಟೈಮಿಂಗ್ ಮುಂದಾಗುತ್ತದೆ. ಮುಂದಾಗಿದ್ದರೆ ಎಂಜಿನ್ ಗಡುಸಾಗಿ ಬಡಿಯುತ್ತದೆ, ಹಿಂದಾಗಿದ್ದರೆ ಬಿಳಿ ಹೊಗೆ, ಎಳೆತ ಕಡಿಮೆ, ಬಿಸಿ ಜಾಸ್ತಿ.

ಬೆಂಚಿನಿಂದ ಬಂದ ಪಂಪಿನ ಕ್ಯಾಮ್ ಚೇಂಬರ್ ಒಣಗಿರುತ್ತದೆ. ಲೆವೆಲ್ ಪ್ಲಗ್‌ವರೆಗೆ ಎಂಜಿನ್ ಆಯಿಲ್ ಹಾಕಿದ ಮೇಲೇ ಮೊದಲ ಸೆಲ್ಫ್. ತೆಗೆದಿಟ್ಟ ಡೆಲಿವರಿ ವಾಲ್ವ್, ಸ್ಪ್ರಿಂಗ್ ವಾಪಸ್ ಹಾಕಿ, ಏರ್ ತೆಗೆದು ಸ್ಟಾರ್ಟ್ ಮಾಡಿ, ಐಡ್ಲಿಂಗ್‌ನಲ್ಲಿ ಎಲ್ಲ ಜಾಯಿಂಟ್ ಒರೆಸಿ ಲೀಕ್ ನೋಡಿ. ಪೈಪುಗಳನ್ನು ಹಿಡಿದಿಡುವ ಕ್ಲಾಂಪುಗಳನ್ನು ಮರೆಯದೆ ಹಾಕಿ; ಇಲ್ಲದಿದ್ದರೆ ನಡುಗಿ ನಡುಗಿ ಯೂನಿಯನ್ ನಟ್ಟಿನ ಬುಡದಲ್ಲೇ ಪೈಪ್ ಬಿರುಕು ಬಿಡುತ್ತದೆ. ಮೊದಲ ಲೋಡ್ ಟ್ರಿಪ್ ಮುಗಿದ ಮೇಲೆ ಫ್ಲೇಂಜ್ ನಟ್‌ಗಳನ್ನು ಇನ್ನೊಮ್ಮೆ ಬಿಗಿದು, ಆಯಿಲ್ ಗೇಜ್ ಎಳೆದು ಲೆವೆಲ್ ಏರಿದೆಯೇ ಎಂದು ನೋಡಿ.